ಹೆಸರಿಟ್ಟವಳ ಬೆನ್ನಿಗೆ ಗುದ್ದು

ನಿವೃತ್ತಳಾದ ಮೇಲೆ ನನಗೊಂದು ಹೊಸ ಚಟ ಹತ್ತಿದೆ. ಮಧ್ಯಾಹ್ನದ ಊಟ ಮುಗಿಸಿ ಕಿಟಕಿಯ ಬದಿಯ ಆರಾಮ ಕುರ್ಚಿಯಲ್ಲಿ ಒರಗಿಕೊಂಡು, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಹೊತ್ತಿನಲ್ಲಿ, ನಾನು ಟೈಪು ಮಾಡಿದ ಕಾಗದಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತೇನೆ. ಕೆಲವು ಕರೆದ ಕೂಡಲೇ ಬರುತ್ತವೆ. ಕೆಲವು ಹೊಸ್ತಿಲ ತನಕ ಬಂದು ತಿರುಗಿ ಹೋಗುತ್ತವೆ. ಎರಡು ಪುಟಗಳು ಮಾತ್ರ ಎಷ್ಟು ಕರೆದರೂ ಬರುವುದಿಲ್ಲ. ಬರಲಿಕ್ಕೆ ಅವು ಎಲ್ಲಿಯೂ ಇಲ್ಲ, ಅವನ್ನು ಅಳಿಸಿದವಳು ನಾನೇ.

ನಾನು ದುಡಿದ ಕೇಂದ್ರಕ್ಕೆ ಈಗ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ‘ಸುಧಕ್ಕಾರ, ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ?’ ಎಂದು ಕೇಳಿದರು. ಚಹಾ ಕುಡಿಯುತ್ತ ಏನೋ ಎರಡು ಮಾತು ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಹೇಳಬೇಕಾದದ್ದನ್ನು ಹೇಳಲಿಲ್ಲವಲ್ಲ ಎಂದು ಮನಸ್ಸು ಕುಟುಕಿತು. ಆದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಅನ್ನುವುದೆಲ್ಲ ಇದರಲ್ಲಿ ಇಲ್ಲ. ಕಾಗದಗಳಿಗೆ ಹೆಸರಿಡುವುದರಲ್ಲಿ ನಾನು ಮಾಡಿದ ತಪ್ಪುಗಳು ಮಾತ್ರ ಇವೆ.

ಕೇಂದ್ರ ಇದ್ದದ್ದು ಹಾನಗಲ್ಲಿನಲ್ಲಿ, ಕೆರೆಯ ಗಾಳಿ ನೇರವಾಗಿ ಬರುವಂಥ ಒಂದು ಹಂಚಿನ ಮನೆಯಲ್ಲಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಬೇಕಾದ ತಿಳುವಳಿಕೆ ಪತ್ರ, ಸಣ್ಣ ಕೈಪಿಡಿಗಳನ್ನು ಸಿದ್ಧಮಾಡಿ ಹಂಚುವುದು ನಮ್ಮ ಕೆಲಸ. ಎಪ್ಪತ್ತರ ದಶಕದ ನಡುವೆ ನಾನು ಟೈಪಿಸ್ಟ್ ಆಗಿ ಸೇರಿದಾಗ ಅಲ್ಲಿ ಮೂವರೇ ಇದ್ದೆವು. ಮೇಲಧಿಕಾರಿ ಹೊಸಮನಿ ಸಾಹೇಬರು, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸುವ ಖಾದರಸಾಬರು, ಮತ್ತು ನಾನು. ಸಾಹೇಬರು ಬಿಳಿ ಅಂಗಿಯ ಸಿಟ್ಟಿನ ಮನುಷ್ಯ. ಖಾದರಸಾಬರು ಬಂಕಾಪುರದವರು, ಕೈಯೆಲ್ಲ ಮಸಿ, ಬಾಯೆಲ್ಲ ನಗು.

ಸೈಕ್ಲೋಸ್ಟೈಲ್ ಎಂದರೇನು ಎಂದು ಈಗಿನವರಿಗೆ ಹೇಳಬೇಕು. ಮೇಣ ಸವರಿದ ತೆಳುವಾದ ಹಾಳೆಯ ಮೇಲೆ, ರಿಬ್ಬನ್ ಸರಿಸಿ, ಬರಿಯ ಅಚ್ಚಿನ ಮೊಳೆಗಳಿಂದ ಕುಟ್ಟಬೇಕು. ಅಕ್ಷರ ಬಿದ್ದಲ್ಲಿ ಮೇಣದ ಪದರ ಹರಿಯುತ್ತದೆ. ಆ ಹಾಳೆಗೆ ಸ್ಟೆನ್ಸಿಲ್ ಎನ್ನುತ್ತಿದ್ದೆವು. ಅದನ್ನು ಯಂತ್ರದ ಉರುಳೆಗೆ ಸುತ್ತಿ ತಿರುಗಿಸಿದರೆ ಹರಿದ ಕಡೆಯಿಂದ ಮಸಿ ಇಳಿದು ಪ್ರತಿಗಳು ಬೀಳುತ್ತವೆ. ತಪ್ಪಾದರೆ ಒಂದು ಕೆಂಪು ದ್ರಾವಣವನ್ನು ಸಣ್ಣ ಕುಂಚದಿಂದ ಸ್ಟೆನ್ಸಿಲ್ಲಿನ ಮೇಲೆಯೇ ಹಚ್ಚಿ, ಉಫ್ ಎಂದು ಊದಿ, ಒಣಗಿದ ಮೇಲೆ ಅದೇ ಜಾಗದಲ್ಲಿ ಸರಿಯಾದ ಅಕ್ಷರ ಕುಟ್ಟಬೇಕು. ಅದರ ವಾಸನೆಗೆ ತಲೆ ಹಗುರಾಗುತ್ತಿತ್ತು. ಮಧ್ಯಾಹ್ನದ ಹೊತ್ತು ಕೆರೆಯ ಗಾಳಿ, ಆ ವಾಸನೆ, ಖಾದರಸಾಬರ ಯಂತ್ರದ ಗರಗರ ಸದ್ದು ಮೂರೂ ಕೂಡಿ ಬಂದಾಗ ನಾನು ತೂಕಡಿಸುತ್ತಲೇ ಟೈಪು ಮಾಡಿದ್ದುಂಟು. ಸಾಹೇಬರಿಗೆ ಇದು ಗೊತ್ತಾಗಲಿಲ್ಲ ಅಂದುಕೊಂಡಿದ್ದೆ, ಗೊತ್ತಿತ್ತಂತೆ.

ಅಂಥದೊಂದು ತೂಕಡಿಕೆಯಲ್ಲೇ ನನ್ನ ಮೊದಲ ಪ್ರಮಾದ ನಡೆಯಿತು. ದನಕರುಗಳ ರೋಗ ತಪಾಸಣೆ ಎರಡು ಊರಲ್ಲಿತ್ತು. ಒಂದು ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ, ಇನ್ನೊಂದು ಆಗ ಹಿರೇಕೆರೂರು ತಾಲ್ಲೂಕಿಗೇ ಸೇರಿದ್ದ ರಟ್ಟೀಹಳ್ಳಿಯಲ್ಲಿ. ಎರಡಕ್ಕೂ ಒಂದೊಂದು ಸ್ಟೆನ್ಸಿಲ್ ಕುಟ್ಟಿ, ಎರಡರ ಲಕೋಟೆಯ ಮೇಲೂ ‘ದನದ ಕಾಗದ’ ಎಂದಷ್ಟೇ ಬರೆದಿಟ್ಟೆ. ಖಾದರಸಾಬರು ಕೈಗೆ ಸಿಕ್ಕ ಲಕೋಟೆ ತೆಗೆದು ಎರಡೂ ಊರಿಗೆ ಒಂದೇ ಕಾಗದ ಒತ್ತಿ ಕಳಿಸಿದರು. ತಪಾಸಣೆಯ ದಿನ ರಟ್ಟೀಹಳ್ಳಿಯಲ್ಲಿ ಕದಂಬೇಶ್ವರ ಗುಡಿಯ ಮುಂದೆ ನಾವು ಮೇಜು ಹಾಕಿಕೊಂಡು ಕೂತಿದ್ದಾಗ, ಹತ್ತಿಮತ್ತೂರಿನ ಹಿರಿಯರೊಬ್ಬರು ಬಗಲಲ್ಲಿ ಒಂದು ಆಡು ಹಿಡಿದುಕೊಂಡು ಬಸ್ಸಿನಿಂದ ಇಳಿದರು.

‘ಎರಡು ಬಸ್ ಬದಲಿ ಮಾಡೇನ್ರಿ’ ಎಂದರು ಆ ಹಿರಿಯರು. ‘ಕಂಡಕ್ಟರ್ ಬ್ಯಾಡಂದ. ಸರಕಾರದ ಕಾಗದ ಐತಿ ನೋಡಪಾ ಅಂತ ತೋರಿಸೇನಿ. ಊರಾಗ ಉಳದ ಮಂದಿ, ಎತ್ತುಗೋಳ್ನ ಹೆಂಗ ಬಸ್ಸಿಗೆ ಹತ್ಸೂದು ಅಂತ ವಿಚಾರ ಮಾಡಾಕತ್ತಾರ.’

ಅಲ್ಲಿದ್ದವರೆಲ್ಲ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ಆ ಹಿರಿಯರ ಆಡನ್ನೇ ಮೊದಲು ನೋಡಿಸಿ, ಚಹಾ ಕುಡಿಸಿ, ಜೀಪಿನಲ್ಲಿ ಊರಿಗೆ ಮುಟ್ಟಿಸಿದರು. ಮರುದಿನ ಒಂದು ನಿಯಮ ಹೊರಬಿತ್ತು. ಯಾವ ಕಾಗದವೇ ಆಗಲಿ, ಟೈಪು ಶುರು ಮಾಡುವ ಮೊದಲೇ ಅದಕ್ಕೊಂದು ಹೆಸರಿಡಬೇಕು. ಮೊದಲು ತಾಲ್ಲೂಕು, ಆಮೇಲೆ ಊರು, ಆಮೇಲೆ ವಿಷಯ, ಎಷ್ಟನೆಯ ತಿದ್ದುಪಡಿ ಎಂಬ ಅಂಕಿ. ಅದನ್ನು ಪ್ರತಿ ಪುಟದ ಕೆಳಗಿನ ಎಡ ಮೂಲೆಯಲ್ಲಿ ಸಣ್ಣದಾಗಿ ಕುಟ್ಟಬೇಕು.

‘ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸಾಕತ್ತಾರ ನೋಡ್ರಿ ಸಾಹೇಬ್ರು’ ಎಂದು ಖಾದರಸಾಬರು ನನ್ನ ಕಿವಿಯಲ್ಲಿ ನಕ್ಕರು.

ಸಾಹೇಬರು ಇನ್ನೂ ಒಂದು ನಿಯಮ ಮಾಡಿದ್ದರು. ತಿದ್ದಿದ ಕರಡು ಸ್ಟೆನ್ಸಿಲ್ಲಿಗೆ ಏರಿದ ಕೂಡಲೇ ಆ ಕರಡನ್ನು ಹರಿದು ಬುಟ್ಟಿಗೆ ಹಾಕಬೇಕು. ಹಳೆಯದು ಉಳಿದರೆ ಯಾರೋ ಒಬ್ಬರು ಅದನ್ನೇ ನಿಜವೆಂದು ತಿಳಿದು ಒತ್ತಿಬಿಡುತ್ತಾರೆ. ನಾನು ಇದನ್ನು ವ್ರತದಂತೆ ಪಾಲಿಸಿದೆ. ಪ್ರತಿ ತಿದ್ದುಪಡಿಗೆ ಒಂದು ಗೆರೆ ಎಳೆಯುವುದು, ಎಲ್ಲ ಮುಗಿದ ಮೇಲೆ ನಾಲ್ಕು ತುಂಡು ಮಾಡುವುದು. ಹತ್ತು ಹನ್ನೆರಡು ವರ್ಷ ಈ ವ್ರತದಿಂದ ಒಳ್ಳೆಯದೇ ಆಯಿತು.

ಕಚೇರಿಯಲ್ಲಿ ಹೆಸರಿಡುವವಳು ನಾನು, ಮನೆಯಲ್ಲಿಯೂ ನಾನೇ. ನನಗೆ ಮೂವರು ತಮ್ಮಂದಿರು. ನಾನು ಮದುವೆಯಾಗಲಿಲ್ಲ, ಆದರೆ ಸೋದರತ್ತೆಯ ಪಟ್ಟ ತಪ್ಪಲಿಲ್ಲ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ, ಅದರ ಕಿವಿಯಲ್ಲಿ ‘ಕುರ್‍ರ್’ ಎಂದು ಉಸಿರು ಬಿಟ್ಟು ಹೆಸರು ಹೇಳಬೇಕು. ಹೇಳುವಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಹೆಸರಿಡುವುದು ಹಗುರಾದ ಕೆಲಸವಲ್ಲ, ನೆನಪಿರಲಿ ಎಂದು ಇರಬೇಕು ಎಂಬುದು ನನ್ನ ಊಹೆ.

ನಮ್ಮ ಅಪ್ಪ ಪುರಾಣ ಪ್ರವಚನ ಹೇಳುತ್ತಿದ್ದ ಶ್ರೀನಿವಾಸಾಚಾರ್ಯರು. ಮೊದಲ ಗಂಡು ಮಗುವಿಗೆ ಅಜ್ಜನ ಹೆಸರು ಎಂಬುದು ಮನೆತನದ ಪದ್ಧತಿ. ಹೀಗಾಗಿ ಮೂವರು ತಮ್ಮಂದಿರ ಮೊದಲ ಮಕ್ಕಳೂ ಶ್ರೀನಿವಾಸರೇ. ಸೂಟಿಯಲ್ಲಿ ಎಲ್ಲರೂ ಕೂಡಿದಾಗ ನಾನು ‘ಶೀನಾ, ಉಂಡಿ ತಿನ್ನ ಬಾ’ ಎಂದರೆ ಮೂವರು ಓಡಿ ಬರುತ್ತಿದ್ದರು. ‘ಶೀನಾ, ಬಾವಿಯಿಂದ ನೀರು ಸೇದು’ ಎಂದರೆ ಒಬ್ಬನೂ ಇಲ್ಲ. ಕೊನೆಗೆ ಹಾನಗಲ್ ಶೀನ, ಶಿಗ್ಗಾಂವಿ ಶೀನ, ಹಿರೇಕೆರೂರು ಶೀನ ಎಂದು ಊರು ಹಚ್ಚಿ ಕರೆಯುವುದಾಯಿತು. ನಗುನಗುತ್ತ ಕಲಿತ ಈ ಪಾಠ ಮುಂದೆ ಕಚೇರಿಯಲ್ಲಿ ನೆನಪಿಗೆ ಬರಬೇಕಿತ್ತು, ಬರಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಮ್ಮ ಹಂಚಿನ ಮನೆಗೆ ಕಂಪ್ಯೂಟರ್ ಬಂತು. ಕನ್ನಡ ಮೂಡಿಸಲಿಕ್ಕೆ ಅದರ ಹೊಟ್ಟೆಯೊಳಗೆ ಕಾರ್ಡ್ ಎಂಬ ಬೇರೆಯದೇ ಒಂದು ಹಲಗೆ ಕೂಡಿಸಿದ್ದರು. ಕಲಿಸಲಿಕ್ಕೆ ಹುಬ್ಬಳ್ಳಿಯಿಂದ ಒಬ್ಬ ತರುಣ ಬಂದು ಎಂಟು ದಿನ ಇದ್ದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಮಧ್ಯಾಹ್ನ ಕಿಟಕಿ ಮುಚ್ಚಿ ನೋಡಿದರೆ ಕೆರೆಯ ತಳದಲ್ಲಿ ಪಾಚಿ ಅಲುಗಾಡಿದ ಹಾಗೆ ಕಾಣುತ್ತಿತ್ತು. ಕುಟ್ಟುವ ಸದ್ದಿಲ್ಲ, ಮಸಿಯಿಲ್ಲ, ವಾಸನೆಯಿಲ್ಲ, ಒಳಗೆಲ್ಲೋ ಒಂದು ಗುಂಯ್ ಎನ್ನುವ ನಾದ ಮಾತ್ರ. ಆ ನಾದಕ್ಕೆ ಮೊದಲಿಗಿಂತ ಹೆಚ್ಚು ನಿದ್ದೆ ಬರುತ್ತಿತ್ತು. ಖಾದರಸಾಬರು ತಮ್ಮ ಯಂತ್ರದ ಮೇಲೆ ಅರಿವೆ ಹೊದಿಸಿ, ಅದರ ಪಕ್ಕದಲ್ಲೇ ಸ್ಟೂಲು ಹಾಕಿ ಕೂತು ನನ್ನನ್ನು ನೋಡುತ್ತಿದ್ದರು.

ಕೈಪಿಡಿ ಮಾಡುವ ಕ್ರಮ ಹೀಗಿತ್ತು. ಮೊದಲು ಬರಹವನ್ನು ಸುಮ್ಮನೆ ಟೈಪು ಮಾಡಿ ಒಂದು ಫೈಲಿನಲ್ಲಿ ಇಡಬೇಕು. ಎಲ್ಲಿ ತಲೆಬರಹ, ಎಲ್ಲಿ ಹೊಸ ಪುಟ ಎಂದು ತಿಳಿಸಲು ಸಾಲಿನ ಮೊದಲಿಗೆ ಒಂದು ಚುಕ್ಕಿಯಿಟ್ಟು ಎರಡಕ್ಷರ ಬರೆಯಬೇಕು. ಇದು ಮೂಲ. ಆಮೇಲೆ ಒಂದು ಕ್ರಮವಿಧಿಗೆ, ಅಂದರೆ ಪ್ರೋಗ್ರಾಮಿಗೆ, ಈ ಮೂಲವನ್ನು ಕೊಟ್ಟರೆ ಅದು ಅಂಚು ಕೂಡಿಸಿ, ಪುಟದ ಅಂಕಿ ಹಾಕಿ, ಒಪ್ಪವಾದ ಇನ್ನೊಂದು ಫೈಲು ಹೆರುತ್ತದೆ. ಇದು ಅಚ್ಚಿನ ಪ್ರತಿ. ಮುದ್ರಣಕ್ಕೆ ಹೋಗುವುದು ಇದೇ.

‘ಹೆರೂದೇನೋ ಹೆರತದ. ಅದಕ್ಕ ಹೆಸರಿಡೋರು ಯಾರು?’ ಎಂದು ನಾನು ಆ ತರುಣನನ್ನು ಕೇಳಿದೆ. ಹತ್ತು ವರ್ಷದ ಅಭ್ಯಾಸ, ಮೊದಲು ಅದೇ ಬಾಯಿಗೆ ಬಂತು.

ಅವನು ಖುಷಿಯಿಂದ ಹೇಳಿದ. ‘ನೀವು ಹೆಸರು ಕೊಟ್ರ ಆ ಹೆಸರು ಇಡತೈತ್ರಿ ಮೇಡಮ್. ಇಲ್ಲಾ ಮೂಲದ ಮೊದಲನೇ ಸಾಲಿನ್ಯಾಗ ಬರದಿಟ್ರೂ ತಗೋತೈತಿ. ಎರಡೂ ಇಲ್ಲಂದ್ರ ಮೂಲದ ಹೆಸರs ತಗೊಂಡು, ಆ ಹೆಸರಿನ ಕೊನೀ ಚುಕ್ಕಿ ಮುಂದಿನ ಮೂರಕ್ಷರದ ಬಾಲ ಕತ್ತರಿಸಿ, ತನ್ನದೊಂದು ಬಾಲ ಹಚ್ಚತೈತಿ. ನೀವು ತಲೀ ಕೆಡಿಸ್ಕೋಬ್ಯಾಡ್ರಿ.’

‘ಆ ಹೆಸರಿಂದು ಮೊದಲs ಒಂದು ಇತ್ತಂದ್ರ?’

‘ಅದರ ಮ್ಯಾಲ ಬರೀತೈತ್ರಿ.’

‘ಕೇಳೂದಿಲ್ಲೇನು?’

‘ಕೇಳೂದಿಲ್ರಿ’ ಎಂದು ಅವನು ನಕ್ಕ. ನಾನೂ ನಕ್ಕೆ. ಅದು ನಗುವ ಮಾತಾಗಿರಲಿಲ್ಲ.

ಹತ್ತು ಹನ್ನೆರಡು ವರ್ಷ ಪ್ರತಿ ಕಾಗದಕ್ಕೂ ಹೆಸರು ಹುಡುಕಿ ಬೇಸತ್ತವಳಿಗೆ, ತಾನಾಗಿಯೇ ಹೆಸರಿಟ್ಟುಕೊಳ್ಳುವ ಕೂಸು ಸಿಕ್ಕಿದ್ದು ಹಾಯೆನ್ನಿಸಿತು. ಆಗ ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ಕೈಪಿಡಿ ಮಾಡುವ ಯೋಜನೆ ಬಂದಿತ್ತು. ಪುಸ್ತಕದ ಮಾತಲ್ಲ, ಬೇಸಾಯ ಮಾಡಿದವರ ಬಾಯಿಂದ ಬಂದ ಮಾತೇ ಅಚ್ಚಾಗಬೇಕೆಂದು ಸಾಹೇಬರ ಹಟ. ಹಾನಗಲ್ಲಿನದು ಭತ್ತ, ಶಿಗ್ಗಾಂವಿಯದು ಶೇಂಗಾ, ಹಿರೇಕೆರೂರಿಗೆ ಚಿಕ್ಕೇರೂರಿನ ಹೆಣ್ಣುಮಕ್ಕಳು ಹೇಳಿದ ಹತ್ತಿ, ಸವಣೂರಿನದು ವೀಳ್ಯದ ಎಲೆಬಳ್ಳಿ. ನಾನು ನಾಲ್ಕು ಫ್ಲಾಪಿ ತೆಗೆದುಕೊಂಡು ನಾಲ್ಕರಲ್ಲೂ ಮೂಲಕ್ಕೆ ‘ಬುಕ್’ ಎಂಬ ಒಂದೇ ಹೆಸರಿಟ್ಟೆ. ಕ್ರಮವಿಧಿ ಅಚ್ಚಿನ ಪ್ರತಿಗಳನ್ನು ಕಂಪ್ಯೂಟರಿನ ಒಂದೇ ಜಾಗದಲ್ಲಿ ಇಳಿಸುತ್ತಿತ್ತು. ಮೊದಲು ಭತ್ತ ಹೆರಿಸಿದೆ, ಆಮೇಲೆ ಶೇಂಗಾ. ಮುದ್ರಿಸಿ ನೋಡಿದರೆ ಭತ್ತವೇ ಇಲ್ಲ, ಎರಡು ಸಲವೂ ಶೇಂಗಾ.

‘ಹಾನಗಲ್ ಶೀನನ್ನ ಶಿಗ್ಗಾಂವಿ ಶೀನ ನುಂಗಿದ್ನಲ್ರಿ!’ ಎಂದರು ಖಾದರಸಾಬರು. ನಮ್ಮ ಮನೆಯ ಕಥೆ ಅವರಿಗೆ ಗೊತ್ತಿತ್ತು.

ಮೂಲ ಫ್ಲಾಪಿಯಲ್ಲಿ ಕ್ಷೇಮವಾಗಿತ್ತು, ಇನ್ನೊಮ್ಮೆ ಹೆರಿಸಿದರೆ ಆಯಿತು. ತಾಲ್ಲೂಕಿಗೊಂದು ಬೇರೆ ಜಾಗ ಮಾಡಿ, ಸಮಸ್ಯೆ ಮುಗಿಯಿತೆಂದು ನಾನು ಚಹಾಕ್ಕೆ ಎದ್ದೆ. ದೇವರು ಸಣ್ಣ ಪೆಟ್ಟು ಕೊಟ್ಟು ಎಚ್ಚರಿಸುತ್ತಾನೆ, ನಾವು ಸೊಳ್ಳೆ ಎಂದು ಕೈಬೀಸುತ್ತೇವೆ.

ಎಲೆಬಳ್ಳಿಯ ಮಾತು ಹೇಳಿದವರು ಸವಣೂರಿನ ಅಮೀನಾಬಿ. ಎಪ್ಪತ್ತು ದಾಟಿದ ಹೆಂಗಸು, ಸಣ್ಣ ಮೈ, ದೊಡ್ಡ ದನಿ. ಮನೆಯ ಹಿಂದೆಯೇ ತೋಟ. ಚೊಗಚಿ, ನುಗ್ಗೆ ಗಿಡಗಳ ಸಾಲು, ಅವಕ್ಕೆ ಹಬ್ಬಿದ ಬಳ್ಳಿ, ಒಳಗೆ ಕಾಲಿಟ್ಟರೆ ಬಿಸಿಲೇ ಹಸಿರಾಗುತ್ತಿತ್ತು. ಮೊದಲ ಭೇಟಿಯಲ್ಲಿ ಅವರು ನೀರು, ಗೊಬ್ಬರ, ಸಾಲಿನ ಅಂತರ, ಬಾಳೆನಾರಿನಿಂದ ಬಳ್ಳಿ ಕಟ್ಟುವ ಬಗೆ ಎಲ್ಲವನ್ನೂ ಹೇಳಿದರು. ನಾನು ಬರೆದುಕೊಂಡು ಬಂದು ಟೈಪು ಮಾಡಿದೆ. ಎರಡನೆಯ ಸಲ ಅಚ್ಚಿನ ಪ್ರತಿ ಹೆರಿಸಿ, ಅದರ ಕರಡು ಮುದ್ರಿಸಿಕೊಂಡು ಹೋಗಿ ಓದಿ ಹೇಳಿದೆ. ಅವರು ಹಗ್ಗದ ಹೊರಸಿನ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು.

‘ಎಲ್ಲಾ ಖರೇ ಐತಿ. ಆದ್ರ ತ್ವಾಟ ಇಲ್ಲ ಇದರಾಗ’ ಎಂದರು.

‘ಏನ್ ಬಿಟ್ಟೀನ್ರಿ ಅವ್ವಾರ?’

‘ನೀವ ಬಿಟ್ಟಿಲ್ಲ ಬಾಯಾರ, ನಾನs ಹೇಳಿಲ್ಲ. ಬಳ್ಳಿ ಇಳಸೂದು ಹೇಳಿಲ್ಲ. ಅದನ್ನ ಕಲಿಸಿದಾಕಿ ನಮ್ಮ ಅತ್ತಿ, ಹಾಜರಾಬಿ. ಆಕೀ ಹೆಸರು ಬಿಟ್ಟು ನಾ ಹೆಂಗ ಹೇಳ್ಲಿ?’

ಬಳ್ಳಿ ಗಿಡದ ತುದಿ ಮುಟ್ಟಿದ ಮೇಲೆ ಅದನ್ನು ಪೂರ್ತಿ ಬಿಡಿಸಿ, ಸುರುಳಿ ಸುತ್ತಿ ಬುಡದ ಮಣ್ಣಿನಲ್ಲಿ ಹೂಳಿ, ತುದಿಯಷ್ಟನ್ನೇ ಹೊರಗೆ ಬಿಡುವುದಕ್ಕೆ ಇಳಿಸುವುದು ಎನ್ನುತ್ತಾರೆ. ಹೂತ ಗೆಣ್ಣುಗಳಿಂದ ಹೊಸ ಬೇರು ಬರುತ್ತದೆ. ಯಾವ ಗೆಣ್ಣು ಬದುಕುತ್ತದೆ, ಯಾವುದು ಕೊಳೆಯುತ್ತದೆ ಎಂದು ಇಳಿಸುವ ಮೊದಲೇ ತಿಳಿಯಬೇಕು. ಹೊಸ ಸೊಸೆಯಾಗಿ ಬಂದಾಗ ಹಾಜರಾಬಿ ಅದನ್ನು ಹೇಗೆ ಕಲಿಸಿದರು ಎಂದು ಅಮೀನಾಬಿ ಆ ದಿನ ಹೇಳಿದರು. ಸಂಜೆ ಬಸ್ಸು ತಪ್ಪೀತೆಂಬ ಭಯದಲ್ಲಿ ನಾನು ಕರಡಿನ ಅಂಚಿನಲ್ಲೆಲ್ಲ, ಹಿಂಭಾಗದಲ್ಲೆಲ್ಲ ಗೀಚಿಕೊಂಡೆ. ಎರಡು ಪುಟದಷ್ಟಾಯಿತು. ‘ನನ್ನ ಹೆಸರು ಇಲ್ಲಂದ್ರೂ ನಡೀತೈತಿ. ಆಕಿ ಹೆಸರು ಇರಲಿ. ಆಕೀಗೆ ಒಂದು ಗೋರಿಕಲ್ಲೂ ಇಲ್ಲ’ ಎಂದರು.

ಹೊರಡುವಾಗ ಮಾತು ಹಗುರಾಯಿತು. ನಾನು ಆ ವಾರ ಇನ್ನೊಂದು ತೊಟ್ಟಿಲ ಶಾಸ್ತ್ರಕ್ಕೆ ಹೋಗಬೇಕಿತ್ತು, ಹಾಗೆಂದೆ. ಅಮೀನಾಬಿ ಬಾಯಿಗೆ ಸೆರಗು ಹಚ್ಚಿ ನಕ್ಕರು. ‘ಓಣ್ಯಾಗ ಕುಲಕರ್ಣ್ಯಾರ ಮನ್ಯಾಗ ನೋಡೇನಿ. ನಮ್ಮಲ್ಲಿ ಕೂಸಿನ ಕಿವ್ಯಾಗ ಅಜಾನ್ ಹೇಳಿ ಸುಮ್ನಾಗ್ತಾರ. ನಿಮ್ಮ ಮಂದಿ ಹೆಸರಿಟ್ಟಾಕೀ ಬೆನ್ನಿಗೆ ಗುದ್ದತೀರಿ! ಆಕಿ ಏನ್ ತಪ್ಪ ಮಾಡ್ಯಾಳ?’

ಮರುದಿನ ಕಚೇರಿಯಲ್ಲಿ ಕೂತು ಆ ಎರಡು ಪುಟ ಟೈಪು ಮಾಡಿದೆ. ಎಲ್ಲಿ ಟೈಪು ಮಾಡಿದೆ ಎಂಬುದೇ ಈ ಕಥೆಯ ಮರ್ಮ. ಮೂಲ ಫೈಲಿನಲ್ಲಿ ಅಲ್ಲ, ಅಚ್ಚಿನ ಪ್ರತಿಯಲ್ಲಿ. ನನ್ನ ಕೈ ಕಲಿತದ್ದೇ ಹಾಗೆ. ಹಿಂದೆಲ್ಲ ತಪ್ಪನ್ನು ಸ್ಟೆನ್ಸಿಲ್ಲಿನ ಮೇಲೆಯೇ ತಿದ್ದುತ್ತಿದ್ದೆನಲ್ಲ, ಹಾಗೆಯೇ ಒಪ್ಪವಾಗಿ ಹುಟ್ಟಿದ ಪ್ರತಿಯನ್ನು ತೆರೆದು ಅದರೊಳಗೇ ಕೂಡಿಸಿದೆ. ಚೆನ್ನಾಗಿ ಬಂತು. ಪರದೆಯ ಮೇಲೆಯೇ ಓದಿದೆ, ಕಣ್ಣು ತುಂಬಿತು. ಆಮೇಲೆ ವ್ರತ ತಪ್ಪಬಾರದೆಂದು ಗೀಚಿದ ಕರಡಿಗೆ ಗೆರೆ ಎಳೆದು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದೆ. ಸಂಜೆ ಕಸ ಒಲೆಗೆ ಹೋಯಿತು.

ಹತ್ತು ದಿನದ ನಂತರ ಸಾಹೇಬರು ಕೈಪಿಡಿಯ ಅಳತೆ ಸಣ್ಣದಾಗಲಿ, ರೈತರ ಅಂಗಿಯ ಕಿಸೆಯಲ್ಲಿ ಹಿಡಿಯಬೇಕು ಎಂದರು. ಸುಲಭದ ಕೆಲಸ. ಮೂಲದಲ್ಲಿ ಪುಟದ ಅಳತೆ ಹೇಳುವ ಚುಕ್ಕಿಯ ಮುಂದಿನ ಒಂದು ಅಂಕಿ ಬದಲಿಸಿ ಮತ್ತೆ ಹೆರಿಸಿದರೆ ಸಾಕು. ಊಟದ ನಂತರದ ಹೊತ್ತು, ಗುಂಯ್ ಎನ್ನುವ ನಾದ, ನನ್ನ ಕಣ್ಣು ಎಳೆಯುತ್ತಿತ್ತು. ಆಜ್ಞೆ ಕೊಟ್ಟೆ, ಹೆಸರು ಕೊಡಲಿಲ್ಲ. ಕ್ರಮವಿಧಿ ಮೂಲದ ಹೆಸರನ್ನೇ ಎತ್ತಿಕೊಂಡು, ಬಾಲ ಕತ್ತರಿಸಿ, ತನ್ನ ಬಾಲ ಹಚ್ಚಿ, ಅದೇ ಹೆಸರಿನ ಹಳೆಯ ಪ್ರತಿಯ ಮೇಲೆ ಬರೆಯಿತು. ಕೇಳಲಿಲ್ಲ.

ಪುಟ ಸಣ್ಣದಾಗಿ ಬಂತು. ತಿರುವುತ್ತ ಹೋದೆ. ನೀರು ಇತ್ತು, ಗೊಬ್ಬರ ಇತ್ತು, ಬಾಳೆನಾರು ಇತ್ತು. ಹಾಜರಾಬಿ ಇರಲಿಲ್ಲ. ಫ್ಲಾಪಿ ಹಾಕಿ ಮೂಲ ನೋಡಿದೆ, ಅಲ್ಲಿಯೂ ಇರಲಿಲ್ಲ. ಇರುವುದಾದರೂ ಹೇಗೆ? ಬುಟ್ಟಿಯ ಕಡೆ ತಿರುಗಿ ನೋಡಿದೆ. ಬುಟ್ಟಿಯಲ್ಲಿ ಒಂದು ಕಿತ್ತಳೆ ಸಿಪ್ಪೆ ಬಿದ್ದಿತ್ತು.

‘ಮತ್ತೊಮ್ಮೆ ಹೋಗಿ ಕೇಳಿದ್ರ ಹೇಳ್ತಾರ ಬಿಡ್ರಿ ಬಾಯಾರ’ ಎಂದರು ಖಾದರಸಾಬರು. ನಾನೂ ಅದನ್ನೇ ನಂಬಿ ಸಾಹೇಬರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

‘ನನಗ್ಯಾಕ ಹೇಳ್ತೀರಿ? ಹೇಳಿದಾಕೀಗೆ ಹೋಗಿ ಹೇಳ್ರಿ’ ಎಂದರು. ಆಮೇಲೆ ದನಿ ತಗ್ಗಿಸಿ, ‘ಆದ್ರ ಒಂದು ಸುದ್ದಿ ಐತ್ರಿ. ಮುಂಜಾನೆ ಸವಣೂರಿಂದ ಬಂದವರು ಹೇಳಿದ್ರು. ಅಮೀನಾಬಿಗೆ ಲಕ್ವಾ ಹೊಡದೈತಂತ. ಜೀವಕ್ಕೇನಿಲ್ಲ. ಮಾತು ಹೋಗೈತಿ’ ಎಂದರು.

ಹಾನಗಲ್ಲಿನಿಂದ ಸವಣೂರಿಗೆ ಹೋಗುವ ಆ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಿಟ್ಟು ಕೂತಿದ್ದು ಈಗಲೂ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ದಾರಿ ಮುಗಿಯುವುದಿಲ್ಲ. ಎರಡೂ ಬದಿಯ ಹೊಲದಲ್ಲಿ ಕಾಗದಗಳು ನಿಂತು, ನಮ್ಮ ಹೆಸರೇನು, ನಮ್ಮ ಹೆಸರೇನು ಎಂದು ಕೇಳುತ್ತವೆ. ನನ್ನ ಬಾಯಿ ತೆರೆಯುವುದಿಲ್ಲ. ಅಂದು ಬಸ್ಸು ಬಂಕಾಪುರ ದಾಟಿದ್ದೂ ನನಗೆ ಗೊತ್ತಾಗಲಿಲ್ಲ.

ಅಮೀನಾಬಿ ಅದೇ ಹೊರಸಿನ ಮೇಲೆ ಮಲಗಿದ್ದರು. ಬಲಗೈ ಎದೆಯ ಮೇಲೆ ತಮ್ಮದಲ್ಲದ ವಸ್ತುವಿನ ಹಾಗೆ ಬಿದ್ದಿತ್ತು. ಸೊಸೆ ರಜಿಯಾ ಸ್ಟೂಲು ಕೊಟ್ಟಳು. ನಾನು ಕೂರಲಿಲ್ಲ, ನೆಲದ ಮೇಲೆ ಹೊರಸಿನ ಪಕ್ಕ ಕುಕ್ಕರಿಸಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಯಂತ್ರದ ಹೆಸರು ಹೇಳಿ ಪಾರಾಗುವ ಆಸೆ ಬಂದಿತ್ತು, ಆದರೆ ಆ ಕಣ್ಣಿನ ಮುಂದೆ ಆಗಲಿಲ್ಲ. ‘ತಪ್ಪು ನಂದs ಅದ್ರಿ ಅವ್ವಾರ. ನೀವು ಹೇಳಿದ್ದೆಲ್ಲಾ ನಾನs ಅಳಿಸಿಬಿಟ್ಟೆ. ಹಾಜರಾಬಿ ಅವರ ಹೆಸರೊಂದು ನೆನಪದ. ನೀವು ಹೇಳಿದ ಮಾತು ನೆನಪಿಲ್ಲ’ ಎಂದೆ. ಅಷ್ಟರಲ್ಲಿ ನನಗೆ ಅಳು ಬಂದಿತ್ತು.

ಅವರ ಬಾಯಿಂದ ಒಂದು ಸದ್ದು ಬಂತು, ಮಾತಾಗಲಿಲ್ಲ. ಎಡಗೈ ಎತ್ತಿ ಹಿಂಬಾಗಿಲ ಕಡೆ ತೋರಿಸಿದರು.

‘ತ್ವಾಟಕ್ಕ ಅಂತಾರ್ರಿ’ ಎಂದಳು ರಜಿಯಾ. ‘ನಾಲ್ಕು ದಿನದಿಂದ ಹಿಂಗs ತೋರಸಾಕತ್ತಾರ. ಬಳ್ಳಿ ಇಳಸೂ ಹೊತ್ತು ಬಂದೈತಿ. ನಾನು ಒಬ್ಬಾಕೀನs ಇಳಸ್ತೀನಿ ಅಂದ್ರ ಒಲ್ಲೆ ಅಂತಾರ.’

ಇಬ್ಬರೂ ಆಚೀಚೆ ಹಿಡಿದು ಅವರನ್ನು ತೋಟಕ್ಕೆ ಕರೆದೊಯ್ದು ಒಂದು ಚೊಗಚಿ ಗಿಡದ ಬುಡಕ್ಕೆ ಚಾಪೆ ಹಾಸಿ ಕೂರಿಸಿದೆವು. ರಜಿಯಾ ಬಳ್ಳಿಯ ಕಟ್ಟು ಬಿಚ್ಚಿ ಕೆಳಗಿಳಿಸಿದಳು. ಅಮೀನಾಬಿ ಎಡಗೈಯಿಂದ ನನ್ನ ಕೈ ಹಿಡಿದರು. ಬಳ್ಳಿಯ ಒಂದು ಗೆಣ್ಣಿನ ಮೇಲೆ ನನ್ನ ಹೆಬ್ಬೆರಳು ಇರಿಸಿ, ತಮ್ಮ ಹೆಬ್ಬೆರಳಿಂದ ಮೇಲೆ ಒತ್ತಿದರು. ಆಮೇಲೆ ತಮ್ಮ ಕಣ್ಣು ಮುಚ್ಚಿ ತೋರಿಸಿ, ಮುಚ್ಚು ಎಂದು ನನಗೆ ಸನ್ನೆ ಮಾಡಿದರು. ಮುಚ್ಚಿದೆ.

ಮೊದಲಿಗೆ ಏನೂ ತಿಳಿಯಲಿಲ್ಲ. ಒಂದು ಗೆಣ್ಣು, ಇನ್ನೊಂದು ಗೆಣ್ಣು. ಅವರು ಬಿಡದೆ ಸರಿಸುತ್ತ ಹೋದರು. ಎಷ್ಟು ಹೊತ್ತಾಯಿತೋ. ರೆಪ್ಪೆಯ ಮೇಲೆ ಹಸಿರು ಬೆಳಕು, ಎಲ್ಲೋ ನೀರು ಹರಿಯುವ ಸದ್ದು, ಕೈಮೇಲೆ ಆ ಬೆಚ್ಚಗಿನ ಒಣ ಕೈ. ಆಮೇಲೆ ಒಂದು ಗೆಣ್ಣು ಒತ್ತಿದಾಗ ಅದು ಬೆರಳನ್ನು ತಿರುಗಿ ಒತ್ತಿತು. ಮುಂದಿನದು ಒತ್ತಲಿಲ್ಲ, ಸುಮ್ಮನೆ ತಗ್ಗಿತು. ‘ಇದು ಬದುಕತದ, ಇದು ಇಲ್ಲ’ ಎಂದು ಬಾಯಿಂದ ತಾನಾಗಿ ಬಂತು. ಕಣ್ಣು ತೆರೆದರೆ ಅಮೀನಾಬಿಯ ಅರ್ಧ ಮುಖ ನಗುತ್ತಿತ್ತು. ಆಗ ನನಗೆ ಅವರು ಅಂದು ಹೇಳಿದ್ದು ನೆನಪಾಯಿತು. ಅರವತ್ತು ವರ್ಷದ ಹಿಂದೆ ಹಾಜರಾಬಿ ಹೊಸ ಸೊಸೆಗೆ ಕಲಿಸಿದ್ದು ಹೀಗೆಯೇ, ಕಣ್ಣು ಮುಚ್ಚಿಸಿ, ಹೆಬ್ಬೆರಳ ಮೇಲೆ ಹೆಬ್ಬೆರಳಿಟ್ಟು. ಮಾತುಗಳು ಸಿಗಲಿಲ್ಲ. ಮಾತು ಯಾವುದರಿಂದ ಹುಟ್ಟಿತ್ತೋ ಅದು ಸಿಕ್ಕಿತು.

ಮೂರು ದಿನ ಸವಣೂರಿನಲ್ಲೇ ಉಳಿದೆ. ಇಪ್ಪತ್ತು ಬಳ್ಳಿ ನನ್ನ ಕೈಯಾರೆ ಇಳಿಸಿದೆ. ಸುರುಳಿ ಎಷ್ಟು ಸುತ್ತು, ಯಾವ ಮಗ್ಗುಲು ಮೇಲೆ, ತುದಿ ಎಷ್ಟು ಗೇಣು ಹೊರಗೆ ಎಂದು ತಪ್ಪು ಮಾಡುತ್ತ, ಎಡಗೈಯಿಂದ ಪೆಟ್ಟು ತಿನ್ನುತ್ತ ಕಲಿತೆ. ಇಳಿಸಿದ ಮೇಲೆ ತೋಟ ಬೋಳಾಗಿ ಕಂಡಿತು. ಇಷ್ಟು ಎತ್ತರ ಬೆಳೆದದ್ದನ್ನು ಹೂತುಬಿಟ್ಟೆವಲ್ಲ ಎಂದು ನಾನು ನಿಂತು ನೋಡುತ್ತಿದ್ದೆ.

‘ಮ್ಯಾಲಿನ ಎಲಿ ನೋಡ್ಬ್ಯಾಡ್ರಿ ಬಾಯಾರ’ ಎಂದಳು ರಜಿಯಾ. ‘ಕೆಳಗ ಬುಡ ಐತಿ. ಎಲಿ ಎಷ್ಟ ಸಲ ಬೇಕಾದ್ರೂ ಬರತೈತಿ.’

ಹಾನಗಲ್ಲಿಗೆ ತಿರುಗಿ ಬಂದು ಮೊದಲು ಮೂಲ ಫೈಲು ತೆರೆದೆ. ಆ ದಿನದಿಂದ ಕೊನೆಯ ದಿನದವರೆಗೆ ನಾನು ಯಾವ ತಿದ್ದುಪಡಿಯನ್ನೂ ಅಚ್ಚಿನ ಪ್ರತಿಯಲ್ಲಿ ಮಾಡಿಲ್ಲ. ಕರಡನ್ನು ಹರಿದಿಲ್ಲ. ಅಂದು ಆ ಮೂಲದಲ್ಲಿ ಕೈ ಮಾಡಿದ್ದನ್ನು, ಹೆಬ್ಬೆರಳು ಕಲಿತದ್ದನ್ನು ಬರೆದೆ. ಅದು ಹಳೆಯ ಎರಡು ಪುಟವಲ್ಲ. ಅದಕ್ಕಿಂತ ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಹಳೆಯದು ಇಲ್ಲ. ಬರೆದು ಮುಗಿಸಿ ಆಜ್ಞೆ ಕೊಡುವಾಗ, ಹೆಸರಿನ ಜಾಗದಲ್ಲಿ ನಾನೇ ಐದು ಇಂಗ್ಲಿಷ್ ಅಕ್ಷರಗಳಲ್ಲಿ ‘ಹಾಜ್ರಾ’ ಎಂದು ಕುಟ್ಟಿದೆ. ಯಂತ್ರ ಮರುಮಾತಾಡದೆ ಆ ಹೆಸರಿಟ್ಟಿತು.

ಸಾಹೇಬರು ಮುಖಪುಟಕ್ಕೆ ‘ಎಲೆಬಳ್ಳಿ ಬೇಸಾಯ: ಸವಣೂರು ತಾಲ್ಲೂಕು’ ಎಂದು ಬರೆದಿಟ್ಟಿದ್ದರು. ನಾಲ್ಕು ಕೈಪಿಡಿಗೂ ಒಂದೇ ಮಾದರಿಯ ಹೆಸರು, ಅವರದೇ ನಿಯಮ. ನಾನು ಅದರ ಮೇಲೆ ಗೆರೆ ಎಳೆದು ‘ಹಾಜರಾಬಿಯ ತೋಟ’ ಎಂದು ಬರೆದು ಅವರ ಮೇಜಿನ ಮೇಲಿಟ್ಟೆ. ನಿಯಮ ಮುರಿದವಳಿಗೆ ಬೈಗುಳ ಬರುತ್ತದೆಂದು ಕಾದು ನಿಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

‘ಸೋದರತ್ತಿ ನೀವು. ಇಡ್ರಿ’ ಎಂದರು.

ಮೊದಲ ಪ್ರತಿ ಕೈಗೆ ಬಂದ ದಿನವೇ ಸವಣೂರಿಗೆ ಹೋದೆ. ತೋಟದಲ್ಲಿ ಬಳ್ಳಿ ಆಗಲೇ ಮೊಣಕಾಲೆತ್ತರ ಏರಿತ್ತು. ಅಮೀನಾಬಿ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪುಸ್ತಕವನ್ನು ಎಡಗೈಯಲ್ಲಿ ಹಿಡಿದು ಮೂಸಿದರು, ಹೊದಿಕೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಕಣ್ಣಲ್ಲೇ ಕೇಳಿದರು.

ನಾನು ಬಗ್ಗಿ ಅವರ ಕಿವಿಯ ಹತ್ತಿರ ಬಾಯಿ ಇಟ್ಟು, ‘ಹಾಜರಾಬಿಯ ತೋಟ’ ಎಂದೆ.

ಅವರು ಅಲುಗಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಲು ಬಗ್ಗಿದೆ. ಆಗ ಆ ಎಡಗೈ ಮೇಲಕ್ಕೆದ್ದು, ನನ್ನ ಹೆಗಲು ದಾಟಿ, ಬೆನ್ನಿನ ನಟ್ಟನಡುವೆ ಒಂದು ಗುದ್ದು ಗುದ್ದಿತು.